ಹಾಸಿಗೆಯ ಹುಲ್ಲು

ಗುವಾಸಾ ಗುಡ್ಡ, ಮೆನ್ಜ್
ಯೆಕಾತಿತ್ ತಿಂಗಳ ಒಂಬತ್ತು

ನನ್ನ ಅಸ್ಕಾಲೆಗೆ,

ಹೇಗಿದ್ದೀಯ? ನಿನ್ನ ಅಕ್ಕ ಹೇಗಿದ್ದಾಳೆ, ಅವಳ ಮಂಡಿ ನೋವು ಹೇಗಿದೆ, ಅಲ್ಲಿ ದೆಬ್ರೆ ಬಿರ್ಹಾನಿನಲ್ಲಿ ಚಳಿ ಹೇಗಿದೆ? ದೇವರ ದಯೆ, ನಾನು ಚೆನ್ನಾಗಿದ್ದೇನೆ. ಇಷ್ಟು ಕೇಳಿ ಮುಗಿಸುವಷ್ಟರಲ್ಲಿ ನೀನು ಎದುರಿಗಿದ್ದಿದ್ದರೆ, ಆಯ್ತು ಮಾರಾಯ, ವಿಷಯಕ್ಕೆ ಬಾ ಅನ್ನುತ್ತಿದ್ದೆ. ಮೂರು ವರ್ಷದಿಂದ ಹಾಗೆ ಅನ್ನುವವರು ಇಲ್ಲದೆ ನನ್ನ ಮಾತು ಉದ್ದವಾಗಿಬಿಟ್ಟಿದೆ. ಸಹಿಸಿಕೋ.

ನಿಧಾನವಾಗಿ ಓದು. ಒಲೆಯ ಬೂದಿ ಹರಡಿ ಬೆರಳಿನಿಂದ ಬರೆದು ನಿನಗೆ ಕಲಿಸಿದ್ದೆನಲ್ಲ, ಅವೇ ಅಕ್ಷರಗಳು. ಮೊದಲನೆಯ ಅಕ್ಷರ ಈಗಲೂ ಒಂದು ಕಾಲು ಕುಂಟುತ್ತದೆ, ನೋಡಿ ನಗಬೇಡ. ಒಂದೇ ಒಂದು ಕೋರಿಕೆ: ಇದನ್ನು ನೀನೇ ಓದು, ಇನ್ನೊಬ್ಬರ ಕೈಗೆ ಕೊಟ್ಟು ಓದಿಸಬೇಡ.

ಸುದ್ದಿ ಏನೆಂದರೆ, ಗುಡ್ಡದ ಹುಲ್ಲನ್ನು ಕೊಯ್ಯಲು ಬಿಡುತ್ತಾರೆ. ಕಳೆದ ಭಾನುವಾರ ಮರಿಯಮ್ ಇಗರ್ಜಿಯ ಅಂಗಳದಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದರು. ಐದು ವರ್ಷ ಮುಚ್ಚಿಟ್ಟದ್ದು ಸಾಕು, ಬರುವ ಮೆಗಾಬಿತ್ ತಿಂಗಳ ಐದನೆಯ ಬೆಳಿಗ್ಗೆ ಗುಡ್ಡ ಬಿಡುವುದು ಎಂದು. ಮೂರೇ ವರ್ಷಕ್ಕೆ ಬಿಡಬೇಕಿತ್ತು. ಆದರೆ ನೀನು ಹೋದ ಮಾರನೆಯ ವರ್ಷ ಇಬ್ಬನಿ ಹೆಪ್ಪುಗಟ್ಟಿ ಚಿಗುರೆಲ್ಲ ಸುಟ್ಟುಹೋಯಿತು. ಇನ್ನೂ ಎರಡು ವರ್ಷ ಮುಚ್ಚಲೇಬೇಕೆಂದು ಹಟ ಹಿಡಿದವನು ಗುಡ್ಡದ ಯಜಮಾನನಾದ ನಾನೇ. ಊರವರಿಂದೆಲ್ಲ ಬೈಸಿಕೊಂಡೆ. ಹೊಸ ಹುಲ್ಲು ಹೊದಿಸಲಾಗದೆ ಸೋರುವ ಮಾಡಿನ ಕೆಳಗೆ ಕೂತವರೆಲ್ಲ ಪ್ರತಿ ಹನಿಗೂ ನನ್ನ ಹೆಸರು ಹಿಡಿದು ಶಪಿಸಿದರು ಅಂತ ಕೇಳಿದ್ದೇನೆ.

ಈಗ ಬಂದು ನೋಡಬೇಕು ನೀನು. ಹುಲ್ಲು ಎದೆಮಟ್ಟ ನಿಂತಿದೆ. ಗಾಳಿ ಬೀಸಿದರೆ ಇಡೀ ಗುಡ್ಡ ಮಗ್ಗುಲು ಬದಲಿಸಿದ ಹಾಗೆ ಕಾಣುತ್ತದೆ. ಆಚೆ ಇಳಿಜಾರಿನವರು ಮುಚ್ಚುವ ಪದ್ಧತಿಯನ್ನೇ ಬಿಟ್ಟು ಹದಿನೈದು ವರ್ಷವಾಯಿತಲ್ಲ, ಅಲ್ಲೀಗ ಬರೀ ಕಲ್ಲು ಮುಳ್ಳು. ಬೇಸಗೆ ಕಾಲಿಡುವ ಮೊದಲೇ ಅವರ ಬುಗ್ಗೆ ಬತ್ತುತ್ತದೆ. ಅವರ ಹೆಂಗಸರು ಕೊಡ ಬೆನ್ನಿಗೆ ಕಟ್ಟಿಕೊಂಡು ನಮ್ಮ ಬುಗ್ಗೆಗೆ ಬರುತ್ತಾರೆ. ನೀರು ತುಂಬುವಾಗ ತಲೆ ಎತ್ತಿ ನಮ್ಮ ಹುಲ್ಲು ನೋಡುತ್ತಾರೆ. ಅವರನ್ನು ನೋಡಿದಾಗಲೆಲ್ಲ ನಾನು ಹಟ ಹಿಡಿದದ್ದು ಸರಿ ಅನ್ನಿಸುತ್ತದೆ. ಗುಡಿಸಲಿಗೆ ಬಂದು ಒಬ್ಬನೇ ಕೂತಾಗ ಮಾತ್ರ ಅಷ್ಟು ಖಚಿತವಾಗಿ ಅನ್ನಿಸುವುದಿಲ್ಲ.

ಬಿಡುವ ದಿನದ ನಿಯಮ ನೀನು ಮರೆತಿರಲಾರೆ. ಸೂರ್ಯ ಕಂಡಾಗಿನಿಂದ ಇಗರ್ಜಿಯ ನಗಾರಿ ಬಾರಿಸುವವರೆಗೆ. ಒಂದು ಮನೆಯ ಒಲೆಗೆ ಒಂದೇ ಕುಡುಗೋಲು. ಒಬ್ಬರು ಕೊಯ್ಯಬೇಕು, ಇನ್ನೊಬ್ಬರು ಹಿಂದೆ ಬಂದು ಸಿವುಡು ಕಟ್ಟಬೇಕು. ಒಬ್ಬರೇ ಎರಡನ್ನೂ ಮಾಡುವ ಹಾಗಿಲ್ಲ. ಕಟ್ಟುವವರ ಕೆಲಸ ಬರೀ ಕಟ್ಟುವುದಲ್ಲವಲ್ಲ, ಕೊಯ್ಯುವವರ ಕೈಯ ಮೇಲೆ ಕಣ್ಣಿಡುವುದು ಕೂಡ. ಕುಡುಗೋಲು ಬುಡಕ್ಕೆ ಇಳಿಯಿತೋ, ಹೆಸರು ಹಿಡಿದು ಕೂಗಬೇಕು. ಉರಿಯದ ಒಲೆಗೆ ಪಾಲಿಲ್ಲ.

ನಮ್ಮ ಒಲೆ ಉರಿಯುತ್ತಿಲ್ಲ, ಅಸ್ಕಾಲೆ. ಗೋಡೆ ಇನ್ನೂ ಗಟ್ಟಿಯಾಗಿದೆ. ನಿನ್ನ ಅಪ್ಪ ಕಟ್ಟಿಸಿದ ಆ ಕಲ್ಲಿನ ಗೋಡೆಗೆ ಏನಾಗುತ್ತದೆ? ಒಳಗೆ ಮೊಣಕಾಲೆತ್ತರ ಕಳೆ ಬೆಳೆದಿದೆ. ನೀನು ಒಲೆ ಹೂಡಿದ್ದ ಮೂಲೆಯಲ್ಲಿ ಒಂದು ಕಾಡುಕೋಳಿ ಮೊಟ್ಟೆ ಇಟ್ಟಿತ್ತು. ಗೋಡೆ ಇದ್ದೂ ಸತತ ಎರಡು ಸಲ ಹುಲ್ಲು ಹೊದಿಸದ ಮನೆಯ ಕಲ್ಲು ಊರಿಗೆ ಸೇರುತ್ತದೆ, ಯಾರು ಬೇಕಾದರೂ ಕಿತ್ತುಕೊಂಡು ಹೋಗಬಹುದು. ಐದು ವರ್ಷದ ಹಿಂದೆ ಹುಲ್ಲು ಬಿಟ್ಟಾಗ ಅಮ್ಮನ ಕಣ್ಣಿನ ಕಾಯಿಲೆ ನೋಡಿಕೊಳ್ಳುತ್ತ ನಾವು ಹೊದಿಸಲಿಲ್ಲ. ಈ ಸಲವೂ ತಪ್ಪಿದರೆ ಮುಗಿಯಿತು.

ಹಿರಿಯರ ಪೈಕಿ ಗಾಶೆ ಬೆಯೆನೆ ಇದರ ಬಗ್ಗೆ ತಾವಾಗಿಯೇ ಮಾತೆತ್ತಿದರು. ನಾನು ಕೇಳಿರಲಿಲ್ಲ. ಎಲ್ಲರ ಎದುರಿಗೆ, ಅವಳ ಶಿಕ್ಷೆ ಮುಗಿದಿದೆ, ಐದನೆಯ ತಾರೀಕಿಗೆ ಮೊದಲು ಬಂದು ಒಲೆ ಹಚ್ಚಿದರೆ ಮನೆಯ ಪಾಲು ಮನೆಗೆ ಅಂದರು. ಅವರ ಬಾಯಲ್ಲಿ ಆ ಮಾತು ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ನಿನ್ನ ಅಪ್ಪನ ವಂಶದಿಂದ ನಿನ್ನ ಹೆಸರಿಗೆ ಬಂದಿದ್ದ ಪಾಲು ಮಾತ್ರ ಅವತ್ತು ಹೊಡೆದು ಹಾಕಿದ್ದು ಹಾಗೆಯೇ ಇದೆ. ಅದಕ್ಕೆ ನಾನೇನೂ ಮಾಡುವಂತಿಲ್ಲ.

ಅದಕ್ಕೇ ಈ ಕಾಗದ. ಬಾ. ನೀನು ಕೊಯ್ಯಿ, ನಾನು ಕಟ್ಟುತ್ತೇನೆ. ಮಳೆಗಾಲಕ್ಕೆ ಮೊದಲು ಮಾಡು ಹೊದಿಸಿಬಿಡೋಣ.

ನಾನು ಈಗಲೂ ಗುಡ್ಡದ ಮೇಲಿನ ಕಾವಲು ಗುಡಿಸಲಿನಲ್ಲೇ ಇದ್ದೇನೆ. ಯಜಮಾನ ವಾರಕ್ಕೆರಡು ದಿನ ಕಾದರೆ ಸಾಕು, ಉಳಿದ ದಿನ ಸರದಿಯವರು ಬರುತ್ತಾರೆ. ಆದರೆ ಕೆಳಗೆ ಹೋಗಿ ಯಾರ ಮನೆಯಲ್ಲಿ ಕೂರಲಿ? ಎಲ್ಲರ ಕಾವಲನ್ನೂ ನಾನೇ ಕಾಯುತ್ತೇನೆ. ಊರವರಿಗೆ ಅದೇ ಸುಖ. ಬೆಳಿಗ್ಗೆ ಕೆಂಪೆದೆಯ ಕೋತಿಗಳ ಹಿಂಡು ಬಂಡೆಯ ಅಂಚಿನಿಂದ ಹತ್ತಿ ಬರುತ್ತದೆ. ಸಾಲಾಗಿ ಕೂತು ಹುಲ್ಲು ಕಿತ್ತು ತಿನ್ನುತ್ತವೆ, ಕೈ ತುಂಬುವವರೆಗೆ ಬಾಯಿಗೆ ಹಾಕುವುದಿಲ್ಲ. ಅವುಗಳಲ್ಲಿ ಒಂದು ಮುದಿ ಗಂಡು ಇದೆ. ಹಿಂಡಿನಿಂದ ಹೊರಗೆ ಹಾಕಿವೆ ಅದನ್ನು, ಪಾಪ. ನನ್ನ ಗುಡಿಸಲಿನಿಂದ ಹತ್ತು ಮಾರು ದೂರದಲ್ಲಿ ಕೂತಿರುತ್ತದೆ. ಒಂದು ದಿನ ನಾನು ಅದಕ್ಕೆ ಹವಾಮಾನದ ಬಗ್ಗೆ ಹೇಳುತ್ತಿದ್ದೆ. ಹೇಳುತ್ತಿದ್ದೇನೆ ಅಂತ ಗೊತ್ತಾದದ್ದು ಅದು ಎದ್ದು ಹೋದ ಮೇಲೆ.

ಹುರಿದ ಜವೆ ತಿನ್ನುತ್ತೇನೆ. ಇಂಜೆರಾ ರೊಟ್ಟಿ ಮಾಡಲು ಕಲಿತೆ. ನಾನು ಮಾಡಿದ್ದು ಒಂದು ಕಡೆ ಹಸಿ, ಒಂದು ಕಡೆ ಕಪ್ಪು. ಕಾಫಿ ಮಾತ್ರ ಮಾಡುವುದಿಲ್ಲ. ಒಬ್ಬನೇ ಕೂತು ಪದ್ಧತಿಯ ಮೂರು ಸುತ್ತು ಕಾಫಿ ಕುಡಿಯುವವನನ್ನು ಯಾರಾದರೂ ನೋಡಿದರೆ ಹುಚ್ಚ ಅಂತಾರೆ. ಒಂದೇ ಸುತ್ತು ಕುಡಿಯಲು ಮನಸ್ಸಿಲ್ಲ. ನೀನು ಎರಡನೆಯ ಸುತ್ತಿನಲ್ಲಿ ಊರವರ ಸುದ್ದಿ ಶುರು ಮಾಡುತ್ತಿದ್ದೆ, ಮೂರನೆಯದಕ್ಕೆ ಅವರನ್ನೆಲ್ಲ ಕ್ಷಮಿಸಿಬಿಡುತ್ತಿದ್ದೆ. ನನಗೆ ಆ ಮೂರನೆಯ ಸುತ್ತಿನ ಆಸೆ.

ಅಮ್ಮ ಇಗರ್ಜಿಯ ಪಕ್ಕದ ಮುದುಕಿಯರ ಮನೆಯಲ್ಲಿದ್ದಾಳೆ. ಕಣ್ಣು ಪೂರ್ತಿ ಹೋಗಿದೆ, ಬಾಯಿ ಹೋಗಿಲ್ಲ. ಭಾನುವಾರ ನಾನು ತೆಗೆದುಕೊಂಡು ಹೋದ ಜವೆಯನ್ನು ಮುಟ್ಟುವುದಿಲ್ಲ, ಪಕ್ಕದವಳಿಗೆ ಕೊಟ್ಟುಬಿಡುತ್ತಾಳೆ. ಮೂರು ವರ್ಷದಿಂದ ಹೀಗೆ. ನನ್ನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ಕೇಳುವ ಮೊದಲ ಮಾತು, ಅವಳು ಬಂದಳಾ? ಇಲ್ಲ ಅಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಹೆತ್ತ ಮಗನಿಗಿಂತ ಸೊಸೆ ಹೆಚ್ಚಾದದ್ದು ನಮ್ಮ ಮನೆಯಲ್ಲೇ ಇರಬೇಕು. ನಿಮ್ಮಿಬ್ಬರ ಜಗಳ ಕೇಳಿದ್ದವರು ಯಾರೂ ಇದನ್ನು ನಂಬಲಾರರು.

ಅವತ್ತಿನ ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅದನ್ನು ಮತ್ತೆ ಯಾಕೆ ಕೆದಕುತ್ತೀಯ ಅನ್ನುತ್ತೀಯ. ಆದರೆ ನೀನು ಒಂದು ಮಾತೂ ಆಡದೆ ಹೋದೆ. ನಾನೂ ಆಡಲಿಲ್ಲ. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿನಗೆ ಒಮ್ಮೆಯಾದರೂ ತಿಳಿಯಬೇಕಲ್ಲ.

ಆ ವರ್ಷ ಹುಲ್ಲು ಮುಚ್ಚಿ ಎರಡನೆಯ ಮಳೆಗಾಲ. ಅಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ. ಅವಳ ಮಂಚದ ಮೇಲೇ ಮಾಡು ಸೋರುತ್ತಿತ್ತು. ಮಂಚವನ್ನು ಎಲ್ಲಿಗೆ ಸರಿಸಿದರೂ ಆ ಸೋರಿಕೆ ಹಿಂದೆಯೇ ಬರುತ್ತಿತ್ತು. ನೀನು ನನ್ನನ್ನು ಎರಡು ಸಲ ಕೇಳಿದೆ. ಸಾವು, ಹೆರಿಗೆ, ಕಾಯಿಲೆ, ಈ ಮೂರಕ್ಕೆ ಮುಚ್ಚಿದ ಗುಡ್ಡದಿಂದಲೂ ಒಂದು ಹೊರೆ ಕೊಡುವ ಅಧಿಕಾರ ಯಜಮಾನನಿಗೆ ಇದೆ ಅಂತ ನೀನೇ ನೆನಪಿಸಿದೆ. ಕೊಟ್ಟದ್ದನ್ನು ಭಾನುವಾರ ಇಗರ್ಜಿಯ ಅಂಗಳದಲ್ಲಿ ಕೂಗಿ ಹೇಳಿದರೆ ಸಾಕು, ಯಾರೂ ಏನೂ ಅನ್ನುವ ಹಾಗಿಲ್ಲ. ನಾನು ಇಲ್ಲ ಅಂದೆ. ಅಮ್ಮ ಮಂಚದಿಂದಲೇ ನನಗೆ ಕೇಳಿಸುವ ಹಾಗೆ ಹೇಳಿದ ಮಾತು ನೆನಪಿದೆಯಾ? "ಮಳೆಗೇನು ಗೊತ್ತೋ ನಿನ್ನ ಯಜಮಾನಿಕೆ? ಸೀದಾ ನನ್ನ ಹೊಟ್ಟೆ ಮೇಲೇ ಬೀಳ್ತದೆ."

ನಾನು ಇಲ್ಲ ಅಂದದ್ದಕ್ಕೆ ಕಾರಣ ಇತ್ತು. ಅದಕ್ಕೆ ತಿಂಗಳ ಹಿಂದಷ್ಟೇ ಗಾಶೆ ಬೆಯೆನೆ ಮಗನ ಮದುವೆಗೆ ಹೊಸ ಗುಡಿಸಲು ಹಾಕಲು ಎರಡು ಹೊರೆ ಕೇಳಿದ್ದರು. ಮದುವೆ ಆ ಮೂರರಲ್ಲಿ ಬರುವುದಿಲ್ಲ ಅಂತ ಹತ್ತು ಜನರ ಮುಂದೆ ಹೇಳಿ ಕಳಿಸಿದ್ದೆ. ನನ್ನ ಅಪ್ಪನ ವಯಸ್ಸಿನ ಮನುಷ್ಯ, ತಲೆ ತಗ್ಗಿಸಿಕೊಂಡು ಹೋದರು. ಅವರಿಗೆ ಇಲ್ಲ ಅಂದ ಬಾಯಲ್ಲಿ ನನ್ನ ಮನೆಗೆ ಹೂಂ ಅನ್ನಲು ನಾಲಗೆ ಏಳಲಿಲ್ಲ. ಕಾಯಿಲೆ ನಿಜವೇ. ಆದರೂ ಜನ, ಯಜಮಾನನ ಮನೆಗೆ ಮಳೆ ಬಂದರೆ ಮಾತ್ರ ಗುಡ್ಡದ ಬಾಗಿಲು ತೆಗೆಯುತ್ತದೆ ಅನ್ನುತ್ತಿದ್ದರು. ಒಬ್ಬ ಹಾಗೆ ಅಂದರೆ ಸಾಕು, ಮಾರನೆಯ ದಿನ ಹತ್ತು ಕುಡುಗೋಲು ಗುಡ್ಡ ಹತ್ತುತ್ತವೆ. ಆಚೆ ಇಳಿಜಾರು ಹಾಳಾದದ್ದು ಹೀಗೇ ಅಲ್ಲವೇ?

ನಾಲ್ಕು ದಿನ ಬಿಟ್ಟು ನಾನು ಕಾವಲಿನಿಂದ ಮನೆಗೆ ಬಂದೆ. ಅಮ್ಮನ ಮಂಚ ಒಣಗಿತ್ತು. ಮಾಡಿನಲ್ಲಿ ಒಂದು ಕಂಬಳಿಯಷ್ಟು ಜಾಗಕ್ಕೆ ನೀನು ತೇಪೆ ಹಾಕಿದ್ದೆ. ನಾನು ಕೇಳುವ ಮೊದಲೇ ನೀನು ಹೇಳಿದೆ, ನಮ್ಮ ಹಾಸಿಗೆ ಬಿಚ್ಚಿ ಅದರಲ್ಲಿದ್ದ ಹಳೆಯ ಹುಲ್ಲು ಹಾಕಿದೆ ಅಂತ. ಒಳ್ಳೆಯದಾಯಿತು ಅಂದೆ. ನಂಬಿದೆ. ಗುಡ್ಡದಿಂದ ದಣಿದು ಬಂದವನಿಗೆ ಹೆಂಡತಿಯ ಮಾತನ್ನು ನಂಬದೆ ಬೇರೆ ಕೆಲಸ ಏನಿರುತ್ತದೆ? ಹನ್ನೊಂದು ದಿನ ಬೆಚ್ಚಗೆ ಮಲಗಿದೆವು. ಅಮ್ಮನ ಜ್ವರ ಇಳಿಯಿತು.

ಹನ್ನೆರಡನೆಯ ದಿನ ಅಪೋಸ್ತಲರ ಹಬ್ಬ. ಮೆರವಣಿಗೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಮೋಡ ಸರಿದು ಬಿಸಿಲು ಬಿತ್ತು. ಹಳೆಯ ಕಪ್ಪು ಮಾಡಿನ ನಡುವೆ ಆ ತೇಪೆ ಹಳದಿಹಸಿರಾಗಿ ಹೊಳೆಯಿತು. ಗಾಶೆ ಬೆಯೆನೆ ನಿಂತರು, ಮೆರವಣಿಗೆಯೆಲ್ಲ ನಿಂತಿತು. "ಜೆನೆಬೆ, ನಿಮ್ಮನೆ ಮಾಡಿಗೆ ಈ ವಯಸ್ಸಲ್ಲಿ ಎಳೇ ಕೂದ್ಲು ಬಂದಿದೆಯಲ್ಲೋ" ಅಂದರು. ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಒಪ್ಪಿಕೊಂಡೆ. ಕೊಯ್ದೆ, ಒಂದು ಹೊರೆ, ಕೇಳದೆ, ಅಂದೆ. ಅಷ್ಟೇ. ಪಾದ್ರಿ ಅಬ್ಬಾ ತೆಕ್ಲೆ ಶಿಲುಬೆ ನನ್ನ ಮುಂದೆ ಹಿಡಿದು, ನಿನಗೆ ಗೊತ್ತಿತ್ತಾ ಅಂತ ಕೇಳಿದರು. ಶಿಲುಬೆಯ ಮೇಲೆ ಕೈಯಿಟ್ಟು ಗೊತ್ತಿರಲಿಲ್ಲ ಅಂದೆ. ಆಗ ನೀನು ನನ್ನನ್ನು ನೋಡಿದೆ. ಆ ನೋಟವನ್ನು ಈ ಮೂರು ವರ್ಷದಲ್ಲಿ ಎಷ್ಟೋ ಸಲ ಅರ್ಥ ಮಾಡಿಕೊಳ್ಳಲು ನೋಡಿದ್ದೇನೆ. ನಿನಗೆ ಸಿಟ್ಟಿರಲಿಲ್ಲ. ನಾನು ಇನ್ನೂ ಏನೋ ಹೇಳುವವನಿದ್ದೇನೆ ಅಂತ ಕಾಯುತ್ತಿದ್ದ ಹಾಗಿತ್ತು.

ಶಿಕ್ಷೆ ಎಲ್ಲರಿಗೂ ಒಂದೇ. ಮಾಡಿನ ಹುಲ್ಲು ಪೂರ್ತಿ ಇಳಿಸಿ ಮನೆಯ ಮುಂದೆ ಸುಡುವುದು, ಕೊಯ್ದವರ ಹೆಸರನ್ನು ಪಾಲಿನಿಂದ ತೆಗೆಯುವುದು. ಮೊದಲ ಕೊಳ್ಳಿ ಇಡಬೇಕಾದವನು ಯಜಮಾನ. ಇಟ್ಟೆ. ಹಿಂದೆಮುಂದೆ ನೋಡಲಿಲ್ಲ ಅಂತ ಜನ ಈಗಲೂ ಹೊಗಳುತ್ತಾರೆ. ಸ್ವಂತ ಮನೆಗೇ ಬೆಂಕಿ ಇಟ್ಟ ಮನುಷ್ಯ, ಇವನ ಗುಡ್ಡಕ್ಕೆ ಯಾರು ಕುಡುಗೋಲು ಹಾಕುತ್ತಾರೆ ಅಂತ. ನಿಜ, ಆಮೇಲೆ ಯಾರೂ ಹಾಕಲಿಲ್ಲ. ಈ ಎದೆಮಟ್ಟದ ಹುಲ್ಲು ಅವತ್ತಿನ ಬೆಂಕಿಯಿಂದಲೇ ಬೆಳೆದದ್ದು ಅನ್ನುವವರೂ ಇದ್ದಾರೆ. ಮಾರನೆಯ ಬೆಳಿಗ್ಗೆ ನೀನು ಉಪ್ಪಿನ ವ್ಯಾಪಾರಿಯ ಹೇಸರಗತ್ತೆಗಳ ಜೊತೆ ಹೊರಟುಹೋದೆ.

ನಾನು ಅವತ್ತು ಗುಡ್ಡಕ್ಕೆ ಹೋಗಿ ನೀನು ಕೊಯ್ದ ಜಾಗ ನೋಡಿದೆ. ಒಂದೊಂದು ಬುಡದಿಂದ ಒಂದೊಂದೇ ಹಿಡಿ ತೆಗೆದಿದ್ದೆ. ಒಂದು ಬುಡವೂ ಬೋಳಾಗಿರಲಿಲ್ಲ. ಅಂಗೈ ಅಗಲ ಬಿಟ್ಟು ಮೇಲೆ ಕೊಯ್ದಿದ್ದೆ, ಚಿಗುರಲಿ ಅಂತ. ಒಂದು ಹೊರೆಗಾಗಿ ಎಷ್ಟು ದೂರ ಓಡಾಡಿದ್ದೆಯೋ, ಆ ಮಂಜಿನಲ್ಲಿ, ಆ ಕೆಮ್ಮಿನಲ್ಲಿ. ಬಿಡುವ ದಿನ ಕೊಯ್ಯುವವರಲ್ಲಿ ಅರ್ಧ ಜನ ಅಷ್ಟು ಮರ್ಯಾದೆಯಿಂದ ಕೊಯ್ಯುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿ ಏನು ಪ್ರಯೋಜನ ಅನ್ನಿಸಿತು.

ಬರುವ ಭಾನುವಾರ ಯಜಮಾನಿಕೆಗೆ ಮತ್ತೆ ನನ್ನನ್ನೇ ಆರಿಸುತ್ತಾರೆ. ಬೇರೆ ಹೆಸರೇ ಇಲ್ಲ. ಮತ್ತೆ ಅದೇ ಶಿಲುಬೆಯ ಮೇಲೆ ಕೈಯಿಟ್ಟು, ಈ ಹುಲ್ಲಿನ ವಿಷಯದಲ್ಲಿ ನಾನು ಇದುವರೆಗೆ ಸುಳ್ಳಾಡಿಲ್ಲ, ಮುಂದೆ ಆಡುವುದಿಲ್ಲ ಅಂತ ಹೇಳಬೇಕು. ನಾಲ್ಕನೆಯ ಸಲ. ಹಿಂದಿನ ಮೂರು ಸಲ ಅದು ಎಷ್ಟು ಬೇಗ ಮುಗಿದುಹೋಗುತ್ತಿತ್ತು! ಈ ಸಲ ಯಾಕೋ ಬೆಳಗಿನಿಂದ ಆ ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದೇನೆ.

ಇರಲಿ. ಕಾಗದ ಮುಗಿಯಿತು, ಮಸಿಯೂ ಮುಗಿಯುತ್ತ ಬಂತು. ಉಪ್ಪಿನ ವ್ಯಾಪಾರಿ ಮುಂದಿನ ವಾರ ನಿಮ್ಮ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹೇಸರಗತ್ತೆಯ ಮೇಲೆ ಒಂದು ಜಾಗ ಖಾಲಿ ಇಡು ಅಂತ ಅವನಿಗೆ ಹೇಳಿದ್ದೇನೆ. ಹಿಂದಕ್ಕೆ ಬರುವಾಗ ಅದು ಖಾಲಿಯೇ ಬಂದರೆ ಅವನ ಮುಖ ನೋಡಿದರೆ ನನಗೆ ತಿಳಿಯುತ್ತದೆ, ನೀನು ಬೇರೆ ಉತ್ತರ ಬರೆಯಬೇಕಾಗಿಲ್ಲ.

ಚಳಿಗೆ ಎದೆ ಮುಚ್ಚಿಕೋ. ಆ ಕೆಮ್ಮಿಗೆ ಜೇನು ತಿನ್ನು.

ಮಾಡಿಲ್ಲದ ಮನೆಯ ಯಜಮಾನ,
ಜೆನೆಬೆ

ಮರೆತ ಮಾತು. ಯೆಕಾತಿತ್ ಹದಿನೇಳು, ಸೋಮವಾರ.

ಮರೆತದ್ದಲ್ಲ, ಅಸ್ಕಾಲೆ. ಬರೆಯದೆ ಬಿಟ್ಟದ್ದು.

ನಾನು ನಿನ್ನನ್ನು ನೋಡಿದ್ದೆ. ನೀನು ಕೊಯ್ಯುವಾಗಲೇ. ಬೆಳಗಿನ ಮಂಜು ದಟ್ಟವಾಗಿತ್ತು, ಮೊದಲು ಕೇಳಿದ್ದು ನಿನ್ನ ಕೆಮ್ಮು. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ನನ್ನ ಹಳೆಯ ಕಂಬಳಿ ಹೊದ್ದು, ಬಗ್ಗಿ, ಒಂದು ಹಿಡಿ ಕೊಯ್ದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಒಂದು ಹಿಡಿ. ಹೆಸರು ಹಿಡಿದು ಕೂಗಿದ್ದರೆ ಮುಗಿಯುತ್ತಿತ್ತು. ನೀನು ಕುಡುಗೋಲು ಕೆಳಗಿಡುತ್ತಿದ್ದೆ. ಇಲ್ಲವೇ ಇಳಿದು ಬಂದು, ತಗೋ, ಇದು ಕಾಯಿಲೆಗೆ ನಾನು ಕೊಟ್ಟದ್ದು ಅಂದಿದ್ದರೂ ಮುಗಿಯುತ್ತಿತ್ತು. ನಾನು ಎರಡನ್ನೂ ಮಾಡಲಿಲ್ಲ. ಬಂಡೆಗೆ ಒರಗಿ ನಿಂತು ನೋಡಿದೆ. ನನಗೂ ಆ ಹುಲ್ಲು ಬೇಕಿತ್ತು. ನಾನು ಕೊಟ್ಟೆ ಅನ್ನಿಸಿಕೊಳ್ಳದೆ ಬೇಕಿತ್ತು.

ಹಾಸಿಗೆಯ ಹುಲ್ಲು ಅಂದಾಗ ನಂಬಲಿಲ್ಲ. ಹನ್ನೊಂದು ದಿನ ಅದೇ ಹಾಸಿಗೆಯ ಮೇಲೆ ನಿನ್ನ ಪಕ್ಕದಲ್ಲಿ ಮಲಗಿದೆನಲ್ಲ, ಅದು ಒಂದು ಬೆರಳೂ ಇಳಿದಿರಲಿಲ್ಲ. ನಿನಗೂ ಗೊತ್ತಿತ್ತು, ನನಗೆ ಗೊತ್ತಿದೆ ಅಂತ. ಅದಕ್ಕೇ ಶಿಲುಬೆಯ ಮುಂದೆ ನೀನು ನನ್ನ ಮುಖ ನೋಡಿದ್ದು. ಆ ನೋಟ ಅರ್ಥವಾಗಲಿಲ್ಲ ಅಂತ ಮೇಲೆ ಬರೆದಿದ್ದೇನೆ, ಅದೂ ಸುಳ್ಳು. ಹೊಡೆದು ಹಾಕದೆ ಬಿಟ್ಟಿದ್ದೇನೆ, ನೀನು ಓದಲಿ ಅಂತ.

ನಿನ್ನೆ ಅಬ್ಬಾ ತೆಕ್ಲೆ ಶಿಲುಬೆ ಹಿಡಿದಾಗ ಕೈ ಇಡಲಿಲ್ಲ. ಎಲ್ಲವನ್ನೂ ಹೇಳಿದೆ. ಬುಡಕ್ಕೊಂದು ಹಿಡಿ ಕೊಯ್ದದ್ದನ್ನೂ ಹೇಳಿದೆ. ಗಾಶೆ ಬೆಯೆನೆ ಎದ್ದು ಬಂದು ನನ್ನ ಕೈಯಿಂದ ಯಜಮಾನಿಕೆಯ ಕೋಲು ತೆಗೆದುಕೊಂಡರು. ಬೈಯಲಿಲ್ಲ. "ಈ ಮೂರು ವರ್ಷ ನಿನ್ನ ಕೈಲಿ ಈ ಕೋಲಿತ್ತು. ಅವಳ ಕೈಲಿ ಏನಿತ್ತೋ?" ಅಂತ ಕೇಳಿದರು.

ತೀರ್ಮಾನ ಹೀಗೆ. ನನ್ನ ಒಲೆಗೆ ಈ ಸಲ ಪಾಲಿಲ್ಲ, ಹಚ್ಚಿದರೂ ಇಲ್ಲ. ಆದ್ದರಿಂದ ನಮ್ಮ ಮನೆಗೆ ಮಾಡು ಇಲ್ಲ. ಮಳೆಗಾಲ ಮುಗಿದ ಮೇಲೆ ಗೋಡೆಯ ಕಲ್ಲು ಯಾರು ಬೇಕಾದರೂ ಒಯ್ಯಬಹುದು. ಮೇಲೆ ನಾನು ಬಾ ಅಂದ ಕಾರಣಗಳಲ್ಲಿ ಒಂದೂ ಈಗ ಉಳಿದಿಲ್ಲ. ಉಪ್ಪಿನವನಿಗೂ ಆ ಖಾಲಿ ಜಾಗದ ಮಾತು ಬಿಡು ಅಂದಿದ್ದೇನೆ.

ನಿನ್ನ ಹೆಸರನ್ನು ಮಾತ್ರ ಪಾಲಿಗೆ ಸೇರಿಸಿ ಮತ್ತೆ ಕೂಗಿದರು. ನಿನ್ನ ಅಪ್ಪನ ಹೆಸರಿನ ಜೊತೆ, ಅಂಗಳದಲ್ಲಿ, ಮೂರು ಸಲ. ಆ ಪಾಲು ನಿನ್ನದು, ನನ್ನದೇನೂ ಅದರಲ್ಲಿಲ್ಲ. ಆ ಹುಲ್ಲನ್ನು ಎಲ್ಲಿ ಬೇಕಾದರೂ ಹೊದಿಸಿಕೋ, ಮಾರಿಕೋ. ಅಮ್ಮ ನಿನ್ನೆ ನಾನು ಕೊಟ್ಟ ಜವೆ ತಿಂದಳು. ಒಂದು ಹಿಡಿ ತಿಂದು, ಉಪ್ಪು ಕಮ್ಮಿ ಅಂದಳು.

ಐದನೆಯ ಬೆಳಿಗ್ಗೆ ನೀನು ಕೊಯ್ಯಲು ಬಂದರೆ ಕಟ್ಟುವವರು ಒಬ್ಬರು ಬೇಕಾಗುತ್ತದೆ. ಯಾರನ್ನು ಬೇಕಾದರೂ ಕರೆದುಕೋ. ನನ್ನನ್ನು ಕರೆದರೆ ಬರುತ್ತೇನೆ. ಕರೆಯದಿದ್ದರೆ ಆ ಬಂಡೆಯ ಹತ್ತಿರ ನಿಂತಿರುತ್ತೇನೆ. ಮಂಜಿದ್ದರೂ ಸರಿ, ಈ ಸಲ ನಿನ್ನ ಹೆಸರು ಹಿಡಿದು ಕೂಗುತ್ತೇನೆ.